ದೋಹಾದಿಂದ ನಾಲ್ಕು ಗಂಟೆ, ಕ್ಯಾಲಿಕಟ್‌ನಿಂದ ಎಂಟು

ಹಂಗಳದ ಮುದ್ದಯ್ಯ ಈವತ್ತಿಗೂ ವಿಮಾನ ಹತ್ತಿದವನಲ್ಲ. ಆದರೆ ಗಲ್ಫಿನ ಯಾವ ಊರಿನಿಂದ ಕ್ಯಾಲಿಕಟ್‌ಗೆ ಎಷ್ಟು ಗಂಟೆಯ ದಾರಿ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾನೆ. ಮಸ್ಕತ್ ಮೂರೂಕಾಲು. ದುಬೈ ನಾಲ್ಕಕ್ಕೆ ಒಂದಿಷ್ಟು ಕಮ್ಮಿ. ದೋಹಾ ನಾಲ್ಕು, ದೂರ ಮೂರು ಸಾವಿರ ಕಿಲೋಮೀಟರು. ರಿಯಾದ್ ಐದಕ್ಕೆ ಹತ್ತಿರ. ಹದಿನಾಲ್ಕು ವರ್ಷದಿಂದ ಗುಂಡ್ಲುಪೇಟೆಯ ಗಲ್ಫ್ ಮನೆಗಳ ಜನರನ್ನು ತನ್ನ ಹಳೇ ಟವೇರಾದಲ್ಲಿ ಕ್ಯಾಲಿಕಟ್ ಏರ್‌ಪೋರ್ಟಿಗೆ ಬಿಟ್ಟು, ಕರೆದುಕೊಂಡು ಬಂದು ಕಲಿತ ವಿದ್ಯೆ ಅದು. ಏರ್‌ಪೋರ್ಟಿನಿಂದ ಗುಂಡ್ಲುಪೇಟೆಗೆ ನೂರಾ ಎಂಬತ್ತು ಚಿಲ್ಲರೆ ಕಿಲೋಮೀಟರು. ಇದಕ್ಕೆ ಎಷ್ಟು ಹೊತ್ತು ಅಂತ ಕೇಳಿದರೆ ಮಾತ್ರ ಅವನು ಬಾಯಿ ಕೊಡುವುದಿಲ್ಲ. "ಘಾಟಿ ಕೇಳ್ಬೇಕು, ಗೇಟು ಕೇಳ್ಬೇಕು. ನನ್ ಯಾಕ್ ಕೇಳೀರಿ?" ಅನ್ನುತ್ತಾನೆ.

ಘಾಟಿ ಅಂದರೆ ಕ್ಯಾಲಿಕಟ್ ಕಡೆಯಿಂದ ಮೇಲಕ್ಕೆ ಹತ್ತುವ ಒಂಬತ್ತು ತಿರುವಿನ ರಸ್ತೆ. ಗೇಟು ಅಂದರೆ ಬಂಡೀಪುರದ ಕಾಡಿನ ರಸ್ತೆಗೆ ಹಾಕುವ ಗೇಟು. ರಾತ್ರಿ ಒಂಬತ್ತಕ್ಕೆ ಬಿದ್ದರೆ ಬೆಳಗ್ಗೆ ಆರಕ್ಕೇ ಏಳುವುದು. ಆಂಬುಲೆನ್ಸಿಗೆ, ಲೆಕ್ಕದ ಕೆಲವು ಸರ್ಕಾರಿ ಬಸ್ಸಿಗೆ ಬಿಟ್ಟರೆ ಇನ್ಯಾವ ಗಾಡಿಗೂ ದಾರಿಯಿಲ್ಲ.

ಆ ಗೇಟು ಬೀಳಲೇಬೇಕು ಅಂತ ಬೀದಿಗೆ ಬಂದು ಕೂತವರಲ್ಲಿ ಮುದ್ದಯ್ಯನೂ ಒಬ್ಬ. ಒಂದು ರಾತ್ರಿ ಲಾರಿ ಗುದ್ದಿದ ಹೆಣ್ಣಾನೆ ಮುರಿದ ಕಾಲು ಎಳೆದುಕೊಂಡು ಹಂಗಳದ ಹೊಲಕ್ಕೆ ಇಳಿದು, ನಸುಕಿನಲ್ಲಿ ಚೆಂಬು ಹಿಡಿದು ಹೊರಟಿದ್ದ ಅವನ ತಮ್ಮ ಚಿಕ್ಕಬೀರಯ್ಯನನ್ನು ತುಳಿದು ಹಾಕಿತ್ತು. ಊರವರೆಲ್ಲ ಆನೆಯನ್ನು ಬೈದರು. ಮುದ್ದಯ್ಯ ಲಾರಿಯನ್ನು ಬೈದ. ಚಾಮರಾಜನಗರದ ಡಿಸಿ ಆಫೀಸಿನ ಮುಂದೆ ಹನ್ನೊಂದು ದಿನ ಕೂತ. ಎರಡು ಸಲ ಪೊಲೀಸ್ ವ್ಯಾನು ಹತ್ತಿಸಿ ಊರಾಚೆ ಬಿಟ್ಟು ಬಂದರು. ಎರಡು ಸಲವೂ ನಡೆದುಕೊಂಡು ವಾಪಸ್ಸು ಬಂದು ಅದೇ ಜಾಗದಲ್ಲಿ ಕೂತ.

ಎದುರು ಪಾರ್ಟಿ ಗುಂಡ್ಲುಪೇಟೆಯ ತರಕಾರಿ ಮಂಡಿಯವರು. ರಾತ್ರಿ ರಸ್ತೆ ಮುಚ್ಚಿದರೆ ಕೇರಳಕ್ಕೆ ಹೋಗುವ ಮಾಲು ಕೊಳೆಯುತ್ತದೆ, ಗೇಟು ಬೇಡ ಅಂತ ಅವರೂ ರಸ್ತೆಯ ಆಚೆ ಬದಿಗೆ ಶಾಮಿಯಾನ ಹಾಕಿದ್ದರು. ಅದರ ಮುಂದಾಳು ಅಬ್ದುಲ್ ಜಬ್ಬಾರ್. ಅವನಿಗೆ ಆಗ ಎರಡು ಲಾರಿ ಇದ್ದವು. ಮುದ್ದಯ್ಯನೂ ಜಬ್ಬಾರನೂ ಮೈಕಿನಲ್ಲಿ ಒಬ್ಬರ ಅಪ್ಪನನ್ನು ಒಬ್ಬರು ಬೈದುಕೊಂಡಿದ್ದು ಈಗಲೂ ಹಳಬರಿಗೆ ನೆನಪಿದೆ. ಆದರೆ ಎರಡೂ ಶಾಮಿಯಾನದ ಬ್ಯಾನರು ಹೊಲಿದವಳು ಒಬ್ಬಳೇ, ಜಬ್ಬಾರನ ಹೆಂಡತಿ ಹಫೀಜಾ. ಮನೆಯಲ್ಲೇ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದಳು. ಗಂಡ ಹಾರಾಡಿದ್ದಕ್ಕೆ, "ಅವರದೇ ನೀಟಾಗಿ ಬಂದದೆ. ಬೇಕಾದ್ರೆ ನಿಮ್ಮದೂ ಬಿಚ್ಚಿ ಹೊಲಿದು ಕೊಡ್ತೀನಿ" ಅಂದಳಂತೆ. ಆಮೇಲೆ ಗೇಟು ಬಿತ್ತು, ಜಬ್ಬಾರ್ ಒಂದು ಲಾರಿ ಮಾರಿದ, ಮುದ್ದಯ್ಯ ಕಾರು ತಗೊಂಡ. ಬೈಗುಳ ಹಾಗೇ ಉಳಿಯಿತು. ಅದರ ಜೊತೆ ಸ್ನೇಹವೂ ಸೇರಿಕೊಂಡಿತು.

ಕಳೆದ ಮೇ ತಿಂಗಳ ಒಂದು ಬುಧವಾರ ಬೆಳಗಿನ ಐದು ಗಂಟೆಗೆ ಹಫೀಜಾ ತೀರಿಕೊಂಡಳು. ಎದೆನೋವು ಅಂದಳು, ನೀರು ಕೇಳಿದಳು, ನೀರು ಬರುವಷ್ಟರಲ್ಲಿ ಮುಗಿದಿತ್ತು. ಒಬ್ಬಳೇ ಮಗಳು ಫರಹತ್ ಒಂಬತ್ತು ವರ್ಷದಿಂದ ದೋಹಾದ ಆಸ್ಪತ್ರೆಯೊಂದರಲ್ಲಿ ನರ್ಸು.

ಮುದ್ದಯ್ಯನಿಗೆ ಕರೆ ಬಂದು ಅವನು ಹಂಗಳದಿಂದ ಬಂದು ಜಬ್ಬಾರನ ಬೀದಿಗೆ ಕಾರು ತಿರುಗಿಸಿದಾಗ ಹತ್ತೂ ಮುಕ್ಕಾಲು. ಗಂಡಸರು ಬಾಡಿಗೆ ಕುರ್ಚಿ ಹಾಕಿಕೊಂಡು ಹೊರಗೆ ಕೂತಿದ್ದರು. ಒಳಗೆ ಹೆಂಗಸರ ಕುರಾನ್ ಓದು ನಡೆದಿತ್ತು. ಜಬ್ಬಾರ್ ಜಗುಲಿಯ ಮೂಲೆಯಲ್ಲಿ ಮೊಬೈಲು, ಒಂದು ಚೀಟಿ ಹಿಡಿದು ನಿಂತಿದ್ದ. ಅರವತ್ತನಾಲ್ಕರ ಮನುಷ್ಯ ಒಂದು ಬೆಳಗ್ಗೆಗೆ ಎಂಬತ್ತರವನಾಗಿದ್ದ.

"ಬಾ ಮುದ್ದಯ್ಯ. ಹನ್ನೆರಡಕ್ಕೆ ಬುಟ್ರೆ ಸಾಕು ನೀನು. ಮಗಳು ಐದು ಗಂಟೆ ಐದು ನಿಮಿಷಕ್ಕೆ ಇಳೀತಾಳೆ. ರಾತ್ರಿ ಗೇಟು ಸಿಕ್ಕಲ್ಲ. ಗೇಟಿಂದಾಚೆ ಬತ್ತೇರಿಲಿ ನಮ್ಮ ಮಂಡಿ ಕಡೆಯೋರ ಮನೆ ಅದೆ, ಅಲ್ಲಿ ಮಲಗ್ಲಿ. ಬೆಳಗ್ಗೆ ಸೀದಾ ಖಬರಸ್ತಾನಕ್ಕೆ ಕರ್ಕಂಡು ಬಾ."

"ಖಬರಸ್ತಾನಕ್ಕಾ?"

"ಸಾಯಂಕಾಲ ಅಸರ್ ನಮಾಜು ಆದ್ಮೇಲೆ ಮಣ್ಣು. ಜಮಾತಲ್ಲಿ ಮಾತಾಯ್ತು. ಹೋದೋರನ್ನ ರಾತ್ರಿಯೆಲ್ಲ ಮನೇಲಿ ಇಟ್ಕಳಲ್ಲ ನಾವು, ಗೊತ್ತಲ್ಲ ನಿಂಗೆ. ಅದರ ಮೇಲೆ ಈ ಬಿಸಿಲು."

"ಕೂಸು ಅವ್ವನ ಮುಖ ನೋಡದ್ ಬ್ಯಾಡ್ವಾ?"

ಜಬ್ಬಾರ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ. "ನಿನ್ನ ಗೇಟನ್ನ ಕೇಳು ಹೋಗು" ಅಂದ.

ಸತ್ತ ಮನೆಯಲ್ಲಿ ಆಡಿದ ಮಾತಿಗೆ ಲೆಕ್ಕವಿಲ್ಲ. "ಟಿಕೆಟ್ ತೋರ್ಸು" ಅಂದ ಮುದ್ದಯ್ಯ. ಮಗಳು ಕಳಿಸಿದ್ದ ಟಿಕೆಟ್ಟಿನ ಫೋಟೋ ಮೊಬೈಲಿನಲ್ಲಿತ್ತು. ದೋಹಾ ಎಂಟೂ ಐದು, ಕ್ಯಾಲಿಕಟ್ ಹದಿನಾಲ್ಕು ಮೂವತ್ತೈದು.

"ಇಲ್ಲಿ ಎರಡೂ ಮೂವತ್ತೈದು ಅಂತ ಅದಲ್ಲ. ಐದು ಎಲ್ಲಿಂದ ಬಂತು?"

"ಎರಡೂವರೆ ಗಂಟೆ ಕೂಡಿಸ್ಬೇಕಲ್ಲಯ್ಯ. ಅದು ಅಲ್ಲಿ ಟೈಮು."

ಆ ಮನೆಯ ಲೆಕ್ಕವೇ ಅದು. ದೋಹಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಮಗಳು ಡ್ಯೂಟಿ ಆರಕ್ಕೆ ಮುಗಿಯಿತು ಅಂದರೆ ಎರಡೂವರೆ ಕೂಡಿಸು, ಒಂದಕ್ಕೆ ಊಟ ಮಾಡಿದೆ ಅಂದರೆ ಎರಡೂವರೆ ಕೂಡಿಸು. ಒಂಬತ್ತು ವರ್ಷದಿಂದ ಅಲ್ಲಿಂದ ಯಾವ ಅಂಕಿ ಬಂದರೂ ಜಬ್ಬಾರ್ ಎರಡೂವರೆ ಕೂಡಿಸದೆ ಬಿಟ್ಟವನಲ್ಲ. ಮಗಳು ಜ್ವರ ನೂರಾ ಒಂದಿದೆ ಅಂದಾಗ ಅದಕ್ಕೂ ಕೂಡಿಸಿ ಗಾಬರಿಯಾದ ಅಂತ ಹಫೀಜಾ ಆಡಿಕೊಳ್ಳುತ್ತಿದ್ದಳು.

ಮುದ್ದಯ್ಯ ಅವನನ್ನು ಗೋಡೆಯ ಕಡೆಗೆ ಎಳೆದುಕೊಂಡ. "ನೋಡು. ಅಲ್ಲಿ ಎಂಟೂ ಐದಕ್ಕೆ ಹಾರಿದ್ರೆ ನಮ್ಮಲ್ಲಿ ಎಷ್ಟು?"

"ಹತ್ತೂ ಮೂವತ್ತೈದು."

"ದೋಹಾ ಎಷ್ಟು ಗಂಟೆ ದಾರಿ?"

"ಎಂಟರಿಂದ ಎರಡೂವರೆ ಅಂದ್ರೆ ಆರೂವರೆ ಗಂಟೆ."

"ಮೂರು ಸಾವಿರ ಕಿಲೋಮೀಟರಿಗೆ ಆರೂವರೆ ಗಂಟೆ ಯಾಕ್ಲಾ ಬೇಕು? ಅದೇನು ನಿನ್ನ ಲಾರಿಯಾ? ನಾಲ್ಕು ಗಂಟೆ ಕಣ್ಲಾ ದೋಹಾ, ನಾಲ್ಕು! ಹತ್ತೂ ಮೂವತ್ತೈದಕ್ಕೆ ನಾಲ್ಕು ಕೂಡ್ಸು."

ಜಬ್ಬಾರನ ತುಟಿ ಅಲ್ಲಾಡಿತು. ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಹತ್ತೋ ಟೈಮು ಹತ್ತೋ ಊರಿಂದು, ಇಳಿಯೋ ಟೈಮು ಇಳಿಯೋ ಊರಿಂದು. ಟಿಕೆಟ್ಟಲ್ಲಿ ಅವರೇ ಕೂಡಿಸಿ ಬರ್ದಿರ್ತಾರೆ. ಅದರ ಮೇಲೆ ನೀನೂ ಕೂಡಿಸ್ಬುಟ್ಟಿದೀಯ. ಕೂಸು ಎರಡೂ ಮೂವತ್ತೈದಕ್ಕೇ ಇಳೀತದೆ."

ಜಬ್ಬಾರ್ ಮಗಳಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ವಿಮಾನ ಮೇಲೆದ್ದು ಹದಿನೈದು ನಿಮಿಷವಾಗಿತ್ತು. ಅವನು ಫೋನನ್ನು ಹಾಗೇ ಕಿವಿಗೆ ಒತ್ತಿಕೊಂಡು ನಿಂತ, ಒಳಗಿನಿಂದ ಯಾರಾದರೂ ಮಾತಾಡಿಯಾರು ಅನ್ನುವ ಹಾಗೆ. ಆಮೇಲೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಕೂತಿದ್ದ ಕುರ್ಚಿಯ ಕಡೆಗೆ ನಡೆದ. ಬಿಳಿಗಡ್ಡದ ಆ ಹಿರಿಯರು ಪೂರ್ತಿ ಕೇಳಿಸಿಕೊಂಡು, ರಾತ್ರಿಯ ಇಶಾ ನಮಾಜಿನವರೆಗೆ ಕಾಯೋಣ ಅಂದರು. ಎಂಟೂಕಾಲು. "ಅದರ ಮೇಲೆ ನಾನು ಮಾತು ಕೊಡೋಕಾಗಲ್ಲ ಜಬ್ಬಾರ್ ಸಾಬ್. ಕಾಯೋದು ನಮಗೆ, ಕಷ್ಟ ಅವರಿಗೆ" ಅಂತ ಒಳಮನೆಯ ಕಡೆ ನೋಡಿದರು.

ಮುದ್ದಯ್ಯ ಆಗಲೇ ಕಾರು ಸ್ಟಾರ್ಟ್ ಮಾಡಿದ್ದ.

ಕಾಡು ದಾಟುವಾಗ ಅವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ತಾನು ಏರ್‌ಪೋರ್ಟಿನವರೆಗೆ ಹೋದರೆ ನಾಲ್ಕೂವರೆ ಆಗುತ್ತದೆ, ಹುಡುಗಿ ಎರಡು ಗಂಟೆ ದಂಡಕ್ಕೆ ಕಾಯಬೇಕು, ಆಮೇಲೆ ಸಂಜೆಯ ಹೊತ್ತಿನಲ್ಲಿ ಘಾಟಿ ಹತ್ತಬೇಕು. ಆಗದ ಮಾತು. ಅವಳು ಅಲ್ಲಿಂದ ಟ್ಯಾಕ್ಸಿಯಲ್ಲಿ ಹೊರಟು ಘಾಟಿ ಹತ್ತಿ ಬರಲಿ. ತಾನು ಘಾಟಿಯ ನೆತ್ತಿಯ ಲಕ್ಕಿಡಿಯಲ್ಲಿ ಕಾರಿನ ಮೂತಿಯನ್ನು ಊರ ಕಡೆಗೆ ತಿರುಗಿಸಿಕೊಂಡು ನಿಂತಿರಬೇಕು.

ಎರಡೂಕಾಲಿಗೆ ಲಕ್ಕಿಡಿ ಸೇರಿದ. ಮೂರೂ ಹತ್ತಕ್ಕೆ ಫೋನು ಬಂತು. ಅವಳು ಇನ್ನೇನೂ ಕೇಳಲಿಲ್ಲ.

"ಮಾಮ, ಅಮ್ಮೀನ ಅಸರ್‌ಗೇ ಮಣ್ಣು ಮಾಡ್ಬುಡ್ತಾರಾ?"

"ಇಲ್ಲ ಕಣಮ್ಮಿ. ಇಶಾ ತನಕ ಕಾಯ್ತಾರೆ. ಮಾತಾಡ್ಕಂಡು ನಿಂತ್ಕಬ್ಯಾಡ, ಟ್ಯಾಕ್ಸಿ ಹತ್ತು. ಲಕ್ಕಿಡಿ ಅನ್ನು. ನಾ ಮ್ಯಾಲೆ ಇವ್ನಿ."

ನಾಲ್ಕಾಯಿತು, ಐದಾಯಿತು. ಮುದ್ದಯ್ಯ ಟೀ ತಗೊಂಡು ಕುಡಿಯದೆ ಚೆಲ್ಲಿದ. ಐದೂವರೆಯ ಸುಮಾರಿಗೆ ಕೆಳಗಿನಿಂದ ಬರುವ ಗಾಡಿ ಕಮ್ಮಿಯಾದವು. ಆಮೇಲೆ ಒಂದೂ ಬರಲಿಲ್ಲ. ಘಾಟಿಯನ್ನು ಬಲ್ಲವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಬೇಕಿಲ್ಲ. ಎಂಟನೇ ತಿರುವಿನಲ್ಲಿ ಉದ್ದದ ಕಂಟೇನರ್ ಲಾರಿಯೊಂದು ತಿರುಗಲಾರದೆ ರಸ್ತೆಗೆ ಅಡ್ಡ ಸಿಕ್ಕಿಕೊಂಡಿದೆ, ಕ್ರೇನು ಕೆಳಗಿನಿಂದ ಬರಬೇಕು ಅಂತ ಟೀ ಅಂಗಡಿಯವನು ಹೇಳಿದ. ಆರು ಗಂಟೆಗೆ ಫರಹತ್ ಫೋನು ಮಾಡಿದಳು. ಟ್ಯಾಕ್ಸಿ ಆರನೇ ತಿರುವಿನ ಹತ್ತಿರ ನಿಂತುಬಿಟ್ಟಿತ್ತು.

"ಎಷ್ಟು ಹೊತ್ತಾಯ್ತದಂತೆ ಮಾಮ?"

"ಗೊತ್ತಿಲ್ಲ. ಇಳಿದು ನಡಿ."

"ನಡೆಯೋದಾ?"

"ಕಾಲಿಗೆ ಬ್ಲಾಕ್ ಇಲ್ಲ ಕಣಮ್ಮಿ. ಪೆಟ್ಟಿಗೆ ಟ್ಯಾಕ್ಸಿಲೇ ಬುಡು, ನಾಳೆ ತರ್ಸ್ಕಳನ. ಬರಿ ಕೈಲಿ ನಡಿ. ನಾನೂ ಇಳಿದು ಬತ್ತೀನಿ."

ಅರವತ್ತು ದಾಟಿದ ಮುದ್ದಯ್ಯ ಕಾರಿಗೆ ಬೀಗ ಹಾಕಿ, ಪಂಚೆ ಎತ್ತಿಕಟ್ಟಿ ಇಳಿಜಾರಿನಲ್ಲಿ ಓಡುನಡಿಗೆ ಹಾಕಿದ. ಒಂಬತ್ತನೇ ತಿರುವಿನಿಂದ ಕೆಳಕ್ಕೆ ಗಾಡಿಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಪ್ರವಾಸಕ್ಕೆ ಬಂದವರು ಕೆಳಗಿಳಿದು ಕಣಿವೆಯ ಫೋಟೋ ತೆಗೆಯುತ್ತಿದ್ದರು. ಕಂಟೇನರಿನ ಡ್ರೈವರು ಬೀಡಿ ಹಚ್ಚಿಕೊಂಡು ತಡೆಗೋಡೆಯ ಮೇಲೆ ಕೂತಿದ್ದ, ಬೈಯುವವರೆಲ್ಲ ಬೈದು ಮುಗಿಸಿದ್ದರು. ಅದನ್ನು ದಾಟಿ ಅರ್ಧ ಮೈಲಿ ಇಳಿದ ಮೇಲೆ ಫರಹತ್ ಕಂಡಳು. ಡ್ಯೂಟಿಯಿಂದಲೇ ಎದ್ದು ಬಂದಿದ್ದಳು. ಕಪ್ಪು ಬುರ್ಖಾದ ಅಂಚಿನ ಕೆಳಗೆ ಆಸ್ಪತ್ರೆಯ ಬಿಳಿ ಪ್ಯಾಂಟು, ಬಿಳಿ ಶೂ. ಹೆಗಲಲ್ಲಿ ಒಂದು ಸಣ್ಣ ಚೀಲ. ಮುಖ ಕೆಂಡವಾಗಿತ್ತು, ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ನಡೀರಿ" ಅಂದಳು ಅವಳೇ. ಅವನು ತಿರುಗಿ ಅವಳ ಹಿಂದೆ ಹತ್ತಿದ. ಎರಡು ಕಡೆ ಉಸಿರು ಸಿಕ್ಕದೆ ನಿಂತ. ಅವಳು ನಿಲ್ಲಲಿಲ್ಲ.

ಕಾರು ಲಕ್ಕಿಡಿ ಬಿಟ್ಟಾಗ ಏಳೂ ಇಪ್ಪತ್ತೈದು. ಗೇಟಿಗೆ ಇನ್ನೂ ಐವತ್ತೇಳು ಕಿಲೋಮೀಟರು. ಬರಿ ರಸ್ತೆಯಾದರೆ ಒಂದೂಕಾಲು ಗಂಟೆ ಸಾಕು. ಸಂಜೆಯ ಕಲ್ಪೆಟ್ಟ ಪೇಟೆಗೆ ಯಾರೂ ಗ್ಯಾರಂಟಿ ಕೊಡಲಾರರು.

"ಅಬ್ಬಾ ಬೆಳಗ್ಗೆ ಯಾಕೆ ಮಣ್ಣು ಅಸರ್‌ಗೇ ಅಂತ ಮೆಸೇಜ್ ಹಾಕಿದ್ರು? ಇಳಿದ್ಮೇಲೆ ನೋಡಿದೆ. ಜೀವ ಹೋದಂಗಾಯ್ತು."

"ನಿಮ್ಮಪ್ಪ ಟಿಕೆಟ್ ಮೇಲೂ ಎರಡೂವರೆ ಗಂಟೆ ಕೂಡಿಸ್ಬುಟ್ಟಿದ್ದ."

ಫರಹತ್ ನಕ್ಕಳು. ಹುಳಿ ತೇಗಿನಂಥ ನಗು. "ನಾನೇ ಬರೀಬೇಕಿತ್ತು, ಇಂಡಿಯಾ ಟೈಮು ಅಂತ. ಒಂಬತ್ತು ವರ್ಷದಿಂದ ಕೂಡಿಸೋ ಮನುಷ್ಯ, ಗೊತ್ತಿತ್ತಲ್ಲ ನಂಗೆ" ಅಂದು ಕಿಟಕಿಯ ಕಡೆ ತಿರುಗಿದಳು.

ಕಲ್ಪೆಟ್ಟದಲ್ಲಿ ಮದುವೆ ಮೆರವಣಿಗೆಯೊಂದು ಇಪ್ಪತ್ತು ನಿಮಿಷ ತಿಂದಿತು. ಮುದ್ದಯ್ಯ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಬ್ಯಾಂಡಿನವರು ಅದಕ್ಕೂ ತಾಳ ಹಾಕಿದರು. ಎಂಟೂ ಮೂವತ್ತೈದಕ್ಕೆ ಜಬ್ಬಾರನ ಫೋನು. ಇಶಾ ಮುಗಿದ ಮೇಲೆ ಅವನು ಮಸೀದಿಯಲ್ಲಿ ಎದ್ದು ನಿಂತು, ಲೆಕ್ಕ ತಪ್ಪಿದ್ದು ನಾನು, ಶಿಕ್ಷೆ ನನ್ನ ಮಗಳಿಗೆ ಬೇಡ ಅಂತ ಜನರೆದುರು ಕೇಳಿಕೊಂಡಿದ್ದ. ಹತ್ತೂವರೆವರೆಗೆ ಅಂತ ತೀರ್ಮಾನವಾಗಿತ್ತು. ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿದ್ದಾರೆ, ಮಗಳಿಗೆ ಮುಖ ತೋರಿಸಲು ತಲೆಯ ಕಡೆಯ ಗಂಟೊಂದನ್ನು ಕಟ್ಟದೆ ಬಿಟ್ಟಿದ್ದಾರೆ ಅಂದ. "ಕರ್ಕಂಡು ಬರ್ತೀರಲ್ಲ ಮುದ್ದಯ್ಯ?" ಅಂದ. ಅಷ್ಟು ವರ್ಷದಲ್ಲಿ ಜಬ್ಬಾರ್ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಬತ್ತೀವಿ" ಅಂದ ಮುದ್ದಯ್ಯ.

ಬತ್ತೇರಿ ದಾಟಿದಾಗ ಎಂಟೂ ಐವತ್ತು. ಕಡೆಯ ಹದಿನೈದು ಕಿಲೋಮೀಟರಿನಲ್ಲಿ ಅವನು ಹದಿನಾಲ್ಕು ವರ್ಷದಲ್ಲಿ ಓಡಿಸದ ಹಾಗೆ ಓಡಿಸಿದ. ಗೇಟಿನ ಮುಂದೆ ಬ್ರೇಕು ಹಾಕಿದಾಗ ಒಂಬತ್ತೂ ನಾಲ್ಕು. ಅಡ್ಡಕಂಬ ಬಿದ್ದಿತ್ತು. ಆಚೆ ಕತ್ತಲೆ, ಈಚೆ ಒಂದು ಟ್ಯೂಬ್‌ಲೈಟು.

ಗಾರ್ಡು ಮೂವತ್ತು ಮೂವತ್ತೆರಡರ ಮಲಯಾಳಿ. ಕೈಗಡಿಯಾರ ತೋರಿಸಿದ. ಫರಹತ್ ಇಳಿದು ಅವನ ಮುಂದೆ ನಿಂತಳು. ಆಸ್ಪತ್ರೆಯ ಜೊತೆಗಾತಿಯರಿಂದ ಕಲಿತ ಮಲಯಾಳಂನಲ್ಲಿ, ತಾಯಿ ತೀರಿಕೊಂಡಿದ್ದಾಳೆ, ದೋಹಾದಿಂದ ಬರುತ್ತಿದ್ದೇನೆ, ಹತ್ತೂವರೆಗೆ ಎತ್ತುತ್ತಾರೆ ಅಂತ ನಾಲ್ಕು ಮಾತು ಹೇಳಿದಳು. ಟಿಕೆಟ್ಟು ತೋರಿಸಿದಳು. ಗಾರ್ಡು ಅವಳ ಶೂ ನೋಡಿದ, ಮುಖ ನೋಡಿದ. ಕತ್ತು ಕೆರೆದುಕೊಂಡ. ನಿಲ್ಲಿ, ಮೇಲಿನವರಿಗೆ ಫೋನು ಮಾಡಿ ಕೇಳುತ್ತೇನೆ ಅಂತ ಚೌಕಿಯ ಕಡೆ ತಿರುಗಿದ.

ಅಷ್ಟರಲ್ಲಿ ಜಬ್ಬಾರನ ಫೋನು. "ಎಲ್ಲಿ? ಗೇಟಾ? ಬಿತ್ತಾ? ಲೋ, ಆ ಗಾರ್ಡಿಗೆ ಹೇಳ್ಲಾ, ಈ ಗೇಟು ಹಾಕ್ಸಿದೋನೇ ನಾನು ಅನ್ನು. ನಿನ್ನ ತಮ್ಮನ ಕತೆ ಹೇಳು. ಬುಟ್ಟೇ ಬುಡ್ತಾನೆ!"

ಬಿಡುತ್ತಿದ್ದ. ಅದು ಮುದ್ದಯ್ಯನಿಗೂ ಗೊತ್ತಿತ್ತು. ಚಿಕ್ಕಬೀರಯ್ಯನ ಹೆಸರು ಹೇಳಿ, ಆನೆ ತುಳಿದ ಮೈಯನ್ನು ಗೋಣಿಯಲ್ಲಿ ಕಟ್ಟಿ ತಂದದ್ದನ್ನು ಹೇಳಿದರೆ ಆ ಹುಡುಗ ಮೇಲಿನವರನ್ನೂ ಕೇಳದೆ ಕಂಬ ಎತ್ತಿಬಿಡುತ್ತಿದ್ದ. ತಮ್ಮನ ಸಾವನ್ನು ತೋರಿಸಿ ಗೇಟು ಹಾಕಿಸಿದ್ದವನು ಅದೇ ಸಾವನ್ನು ತೋರಿಸಿ ಗೇಟು ತೆಗೆಸಬೇಕು.

"ಬ್ಯಾಡ ಸಾರ್, ಫೋನ್ ಮಾಡ್ಬ್ಯಾಡಿ" ಅಂದ ಮುದ್ದಯ್ಯ ಗಾರ್ಡಿಗೆ. "ಬಸ್ಸು ಬತ್ತದೆ. ಇವಳು ಬಸ್ಸಲ್ಲಿ ಓಯ್ತಾಳೆ."

ಫರಹತ್ ತಿರುಗಿ ನಿಂತಳು. "ಏನಂದ್ರಿ? ಅವರು ಕೇಳ್ತೀನಿ ಅಂತವ್ರೆ, ನೀವು ಬ್ಯಾಡ ಅಂತೀರಾ?"

"ಬೆಂಗಳೂರು ಬಸ್ಸಿಗೆ ಪರ್ಮಿಟ್ ಅದೆ ಕಣವ್ವ. ಒಂಬತ್ತೂಕಾಲೊಳ್ಗೆ ಬಂದೇ ಬತ್ತದೆ. ಹತ್ತು ನಿಮಿಷದ ಮಾತು."

"ಹತ್ತು ನಿಮಿಷ ನಂದು ಮಾಮ, ನಿಮ್ಮದಲ್ಲ!"

"ಇವತ್ತು ನನ್ನ ಕಾರು ಬುಟ್ರೆ, ನಾಳೆ ಈರುಳ್ಳಿ ಲಾರಿಯೋನ ಮನೇಲೂ ಒಂದು ಸಾವು ಆಯ್ತದೆ. ನಾಡಿದ್ದು ಹತ್ತು ಲಾರಿಗೆ ಹತ್ತು ಸಾವು. ನಾ ನೋಡಿವ್ನಿ ಈ ಆಟವ."

"ನಮ್ಮ ಅಮ್ಮಿ ಈರುಳ್ಳಿ ಲಾರಿನಾ?"

ಮೈಕು ಹಿಡಿದು ಮುನ್ನೂರು ಜನಕ್ಕೆ ಮಾತಾಡಿದವನು ಒಬ್ಬ ಹುಡುಗಿಯ ಮುಂದೆ ಕೈಕಟ್ಟಿ ನಿಂತ. ಗಾರ್ಡು ಇಬ್ಬರನ್ನೂ ನೋಡಿ, ನೀವು ನೀವೇ ತೀರ್ಮಾನ ಮಾಡಿಕೊಳ್ಳಿ ಅನ್ನುವ ಹಾಗೆ ಚೌಕಿಯ ಬಾಗಿಲಲ್ಲಿ ಕೂತ.

ಒಂಬತ್ತೂಕಾಲು ಆಯಿತು. ಬಸ್ಸು ಬರಲಿಲ್ಲ. ಒಂಬತ್ತೂ ಇಪ್ಪತ್ತಾಯಿತು.

ಆಗ ಅವನಿಗೆ ಹೊಳೆಯಿತು. ಆ ಬಸ್ಸೂ ಕ್ಯಾಲಿಕಟ್‌ನಿಂದಲೇ ಹೊರಡಬೇಕು, ಅದೇ ಘಾಟಿ ಹತ್ತಬೇಕು. ಎಂಟನೇ ತಿರುವಿನ ಕಂಟೇನರು ಇನ್ನೂ ಎದ್ದಿಲ್ಲದಿದ್ದರೆ ಬಸ್ಸು ಎಲ್ಲಿಂದ ಬಂದೀತು? ಇಷ್ಟು ಹೊತ್ತು ಘಾಟಿಯಲ್ಲೇ ಬೆವರು ಸುರಿಸಿ ಬಂದವನಿಗೆ ಅದು ಈಗ ತಲೆಗೆ ಬಂತು. ಗೇಟಿನ ಮುಂದೆ ನಿಂತ ಕೂಡಲೇ ಬುದ್ಧಿ ಹದಿನೈದು ವರ್ಷ ಹಿಂದಕ್ಕೆ ಓಡಿ, ಡಿಸಿ ಆಫೀಸಿನ ಮುಂದೆ ಹೋಗಿ ಕೂತಿತ್ತು.

ಅದನ್ನು ಫರಹತ್‌ಗೆ ಹೇಳಬೇಕಾಗಿರಲಿಲ್ಲ.

"ಬಸ್ಸೂ ಅಲ್ಲೇ ಸಿಕ್ಕಂಡದೆ ಅಲ್ವಾ?"

"...ಇರ್ಬೌದು."

"ಗಾರ್ಡ್ ಕೇಳ್ತೀನಿ ಅಂದಿದ್ರು."

"ಊಂ."

"ಈಗ ಕೇಳಿ. ಹೋಗಿ ಕೇಳಿ."

ಮುದ್ದಯ್ಯ ಚೌಕಿಯ ಕಡೆಗೆ ನಡೆದ. ಹತ್ತು ಹೆಜ್ಜೆ ದೂರ. ತಮ್ಮನ ಹೆಸರು ನಾಲಗೆಯ ತುದಿಗೆ ಬಂದಿತ್ತು. ಹೇಳಿಯೇ ಬಿಡುತ್ತಿದ್ದ. ಇದನ್ನು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ, ದೊಡ್ಡವನಾಗಲು ಹೋಗಿಲ್ಲ. ಅಷ್ಟರೊಳಗೆ ಗಾರ್ಡೇ ಎದ್ದು ನಿಂತ, ನಂಬರು ಒತ್ತಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಒತ್ತಿದ. ಎತ್ತಲಿಲ್ಲ. ಮೇಲಿನವರು ಆಗಲೇ ಊಟಕ್ಕೋ ನಿದ್ದೆಗೋ ಹೋಗಿದ್ದಿರಬೇಕು. ಕೇಳದೆ ನಾನು ತೆಗೆಯಲಾರೆ ಚೇಟ್ಟಾ, ಆಗಲೇ ಕೇಳಿದ್ದರೆ ಸಿಗುತ್ತಿದ್ದರೋ ಏನೋ ಅಂದ ಗಾರ್ಡು. ಕೆಟ್ಟದ್ದು ಮಾಡಬೇಕು ಅಂತ ಆಡಿದ ಮಾತಲ್ಲ. ಆದರೆ ಅದು ಫರಹತ್‌ಗೆ ಕೇಳಿಸಿತು.

ಅವಳು ಹೋಗಿ ಅಡ್ಡಕಂಬ ಹಿಡಿದು ಕಾಡಿನ ಕಡೆ ಮುಖ ಮಾಡಿ ನಿಂತಳು. ನಲವತ್ಮೂರು ಕಿಲೋಮೀಟರು ಆಚೆಗೆ ಮನೆ. ನಡೆಯುವ ದಾರಿಯಾಗಿದ್ದರೆ ಆಗಲೇ ನಡೆದುಬಿಡುತ್ತಿದ್ದಳು.

ಒಂಬತ್ತೂ ಮೂವತ್ತಾರಕ್ಕೆ ಹಿಂದಿನಿಂದ ಬೆಳಕು ಬಿತ್ತು. ಬಸ್ಸು. ಕ್ಯಾಲಿಕಟ್‌ನದಲ್ಲ, ಕಲ್ಪೆಟ್ಟದಿಂದಲೇ ಮೈಸೂರಿಗೆ ಹೊರಟದ್ದು, ಘಾಟಿ ಕಾಣದ್ದು. ಗೇಟಿನಲ್ಲಿ ನಂಬರು ಬರೆಸಲು ನಿಂತಿತು. ಒಳಗೆ ಜನ ಒತ್ತಿಕೊಂಡಿದ್ದರು. ಮುದ್ದಯ್ಯ ಬಾಗಿಲು ಬಡಿದ.

"ಸೀಟಿಲ್ಲ ಯಜಮಾನ್ರೇ, ಇಲ್ಲಿ ಹತ್ತಿಸ್ಕಳಂಗೂ ಇಲ್ಲ" ಅಂದ ಕಂಡಕ್ಟರು ಕಿಟಕಿಯಿಂದ.

"ಸೀಟ್ ಯಾರ್ ಕೇಳ್ದೋರು? ಅವ್ವ ಸತ್ತೋಗವ್ಳೆ, ಮಣ್ಣಿಗೆ ಓಗ್ಬೇಕು. ಗುಂಡ್ಲುಪೇಟೆಗಂಟ ಒಂಟಿಕಾಲಲ್ಲಿ ನಿಂತ್ಕಂಡಾಳು. ತಗೀ ಬಾಗ್ಲ."

ಕಂಡಕ್ಟರು ಒಂದು ಗಳಿಗೆ ಅವನ ಮುಖ ನೋಡಿ ಬಾಗಿಲು ತೆಗೆದ. ಫರಹತ್ ಹತ್ತಿದಳು. ಬರುತ್ತೇನೆ ಅನ್ನಲಿಲ್ಲ, ತಿರುಗಿ ನೋಡಲಿಲ್ಲ. ಕಂಬ ಎದ್ದು, ಬಸ್ಸು ದಾಟಿ, ಕಂಬ ಮತ್ತೆ ಬಿತ್ತು. ಮುದ್ದಯ್ಯ ಜಬ್ಬಾರನಿಗೆ ಫೋನು ಮಾಡಿ, "ಮೈಸೂರ್ ಬಸ್ಸಲ್ಲಿ ಬತ್ತಾವಳೆ. ಸ್ಟ್ಯಾಂಡಲ್ಲಿ ಗಾಡಿ ಇಟ್ಕಂಡು ನಿಂತ್ಕೊ" ಅಂದ. ಜಬ್ಬಾರ್ ಇನ್ನೇನೋ ಕೇಳುವಷ್ಟರಲ್ಲಿ ಕಟ್ ಮಾಡಿದ.

ಆ ಒಂದು ಗಂಟೆ ಅವನು ಕಾರಿನಲ್ಲಿ ಕೂರಲಿಲ್ಲ. ರಸ್ತೆಯ ಮೇಲೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿದ. ಆನೆ ಅಡ್ಡ ನಿಂತರೆ ಬಸ್ಸು ಅರ್ಧ ಗಂಟೆ ಅಲ್ಲೇ. ಟೈರು ಪಂಕ್ಚರಾದರೆ ಅಲ್ಲೇ. ಮುತವಲ್ಲಿ ಹತ್ತೂವರೆ ಅಂದರೆ ಹತ್ತೂವರೆ. ಗಾರ್ಡು ಒಂದು ಲೋಟ ಕಟ್ಟಂಚಾಯ ತಂದುಕೊಟ್ಟ. ಹಾಲಿಲ್ಲದ ಆ ಟೀಯನ್ನು ಇವನು ಇಸಕೊಂಡು, ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ.

ಹತ್ತೂ ಮೂವತ್ತೆಂಟಕ್ಕೆ ಜಬ್ಬಾರನ ಫೋನು ಬಂತು. ಹಿಂದೆ ಗಂಡಸರ ದನಿ, ಚಪ್ಪಲಿಯ ಸದ್ದು.

"ಬಂದ್ಲು" ಅಂದ ಜಬ್ಬಾರ್.

"ನೋಡಿದ್ಲಾ?"

"ನೋಡಿದ್ಲು. ಸ್ಟ್ಯಾಂಡಿಂದ ಸ್ಕೂಟರಲ್ಲಿ ತಂದೆ. ಎಲ್ಲಾ ಎತ್ತೋಕೆ ನಿಂತಿದ್ರು. ಎರಡು ನಿಮಿಷ ಕಣಯ್ಯ, ಎರಡೇ ನಿಮಿಷ. ಹಣೆ ಮುಟ್ಟಿದ್ಲು. ಈಗ ಹೊರಟ್ವಿ." ಉಸಿರೆಳೆದುಕೊಂಡ. "ನೀನು ಹೆಗಲು ಕೊಡೋಕೆ ಬತ್ತೀಯ ಅಂದ್ಕಂಡಿದ್ದೆ."

"ಗೇಟು" ಅಂದ ಮುದ್ದಯ್ಯ.

"ಊಂ" ಅಂದ ಜಬ್ಬಾರ್. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಳಗ್ಗೆ ಆರಕ್ಕೆ ಗೇಟು ಎದ್ದ ಮೇಲೆ ಮುದ್ದಯ್ಯ ಗುಂಡ್ಲುಪೇಟೆಗೆ ಬಂದ. ಹಸಿ ಮಣ್ಣಿನ ದಿಣ್ಣೆಯ ಹತ್ತಿರ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತು ಹಂಗಳಕ್ಕೆ ಹೋದ. ಆ ಮನೆಯ ಕಡೆ ಹೋಗಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಅಂತ ಅವನ ಜೊತೆ ಧರಣಿ ಕೂತಿದ್ದ ಹಳೇ ಗೆಳೆಯರು ಎರಡು ಪಾರ್ಟಿಯಾಗಿ ಟೀ ಅಂಗಡಿಯಲ್ಲಿ ಜಗಳವಾಡಿದರು. ಇವನು ಎರಡರಲ್ಲೂ ಸೇರಲಿಲ್ಲ. "ಬಸ್ಸು ಬಂತು, ಅದ್ಕೇ ನಾನ್ ಬದಿಕ್ಕಂಡೆ. ಬರ್ದಿದ್ರೆ ನೀವೇನ್ ಮಾತಾಡ್ತಿದ್ರಿ?" ಅಂದ, ಅಷ್ಟೆ.

ಹದಿನೆಂಟನೇ ದಿನ ಬೆಳಗ್ಗೆ ಗುಂಡ್ಲುಪೇಟೆಯ ಕಾರ್ ಸ್ಟ್ಯಾಂಡಿನಲ್ಲಿ ಗಾಜು ಒರೆಸುತ್ತಿದ್ದಾಗ ಫರಹತ್ ಬಂದು ಎದುರಿಗೆ ನಿಂತಳು.

"ನಾಳೆ ವಾಪಸ್ ಹೋಗ್ತಿದೀನಿ. ನಿಮ್ಮ ಕಾರಲ್ಲೇ ಬತ್ತೀನಿ."

"ಬಾ."

"ಕೋಪ ಹೋಗಿಲ್ಲ ನಂಗೆ. ಹೋಗೋದೂ ಇಲ್ಲ. ದಾರೀಲಿ ಮಾತಾಡಿಸ್ಬ್ಯಾಡಿ."

"ಆಡ್ಸಲ್ಲ. ಫ್ಲೈಟ್ ಎಷ್ಟೊತ್ಗೆ?"

"ಸಾಯಂಕಾಲ ಆರೂವರೆ. ಹತ್ತಕ್ಕೆ ಬುಟ್ರೆ ಸಾಕಲ್ವಾ?"

"ಘಾಟಿ ನಿಮ್ಮಪ್ಪಂದಲ್ಲ" ಅಂದು ಮುದ್ದಯ್ಯ ಒರೆಸುವ ಬಟ್ಟೆಯನ್ನು ಹಿಂಡಿದ. "ಎಂಟಕ್ಕೆ ರೆಡಿ ಇರು."